ಎರೆ ಹೊಲದಲ್ಲಿ ಜಾಕ್ ನಿಲ್ಲುವುದೆಲ್ಲಿ?

ವಾಹನ ಪ್ರಶ್ನೋತ್ತರ

ಮಳೆ ಹಿಂದೆ ಸರಿದು ತೊಗರಿ ಹೂವಾಗುವ ಹೊತ್ತಿಗೆ ಈ ಅಂಕಣಕ್ಕೆ ಜಾಕ್ ಕುರಿತ ಪತ್ರಗಳು ಬರತೊಡಗುತ್ತವೆ. ಹೊಲದ ದಾರಿ ಇನ್ನೂ ಪೂರ್ತಿ ಒಣಗಿರುವುದಿಲ್ಲ, ಆದರೆ ವಾಹನ ಇಳಿಸುವ ಧೈರ್ಯ ಬಂದಿರುತ್ತದೆ. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಏಳು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ರಸ್ತೆ ಬದಿಯಲ್ಲಿ ಗಾಲಿ ಬದಲಿಸುವ ವಿಧಾನ ವಾಹನದ ಕೈಪಿಡಿಯಲ್ಲಿಯೇ ಇರುವುದರಿಂದ ಅದನ್ನು ಬಿಟ್ಟು, ಡಾಂಬರು ಮುಗಿದ ಮೇಲಿನ ನೆಲದ ಮಾತನ್ನಷ್ಟೇ ಇಲ್ಲಿ ಆಡಿದ್ದೇನೆ.

ಪ್ರಶ್ನೆ: ನಮ್ಮ ಹೊಲ ಊರಿನಿಂದ ನಾಲ್ಕು ಕಿ.ಮೀ. ಒಳಗಿದೆ, ದಾರಿಯೆಲ್ಲ ಎರೆ ಮಣ್ಣು. ಕಳೆದ ತಿಂಗಳು ಮಳೆಯಾದ ಎರಡನೆಯ ದಿನ ಬೊಲೆರೊದ ಹಿಂದಿನ ಗಾಲಿ ಪಂಕ್ಚರ್ ಆಯಿತು. ವಾಹನದ ಜೊತೆಗೆ ಬಂದ ಜಾಕ್ ಇಟ್ಟು ಎಷ್ಟು ತಿರುಗಿಸಿದರೂ ಗಾಡಿ ಮೇಲೇಳಲಿಲ್ಲ, ಜಾಕೇ ನೆಲದೊಳಗೆ ಇಳಿಯಿತು. ಕೊನೆಗೆ ಟ್ರ್ಯಾಕ್ಟರ್ ತರಿಸಬೇಕಾಯಿತು. ಅಂಗಡಿಯಲ್ಲಿ ವಿಚಾರಿಸಿದರೆ 5 ಟನ್‌ನ ಬಾಟಲಿ ಜಾಕ್ (ಆಯಿಲ್ ಒತ್ತಡದಿಂದ ಏರುವ, ಬಾಟಲಿ ಆಕಾರದ ಜಾಕ್) ಒಯ್ಯಿರಿ ಎನ್ನುತ್ತಾರೆ. ಅದನ್ನು ಕೊಳ್ಳಲೇ?
— ಓದುಗರೊಬ್ಬರು, ಜೇವರ್ಗಿ ತಾಲ್ಲೂಕು

ಉತ್ತರ: ಜಾಕ್ ಕೊಳ್ಳುವ ಮೊದಲು ಒಂದು ಹಲಗೆ ಮಾಡಿಸಿರಿ. ಅಂಗಡಿಯವರು ಟನ್ನಿನ ಲೆಕ್ಕ ಹಾಕಿದ್ದಾರೆ, ನೆಲದ ಲೆಕ್ಕ ಹಾಕಿಲ್ಲ. ಬೊಲೆರೊದಂಥ ವಾಹನದ ಒಂದು ಹಿಂಗಾಲಿಯನ್ನು ನೆಲದಿಂದ ಬಿಡಿಸಲು ಸುಮಾರು 600 ಕೆ.ಜಿ. ಭಾರ ಎತ್ತಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಚಿಕ್ಕ ಬಾಟಲಿ ಜಾಕ್ ಒಂದರ ತಳ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಅಂದರೆ 100 ಚದರ ಸೆಂ.ಮೀ. ಇರುತ್ತದೆ. ಆ ಭಾರವೆಲ್ಲ ಅಷ್ಟು ಚಿಕ್ಕ ಜಾಗದಲ್ಲಿ ಕೂತಾಗ ಪ್ರತಿ ಚದರ ಸೆಂ.ಮೀ. ನೆಲದ ಮೇಲೆ 6 ಕೆ.ಜಿ. ಒತ್ತಡ ಬೀಳುತ್ತದೆ. ಗಾಲಿಯಲ್ಲಿ 30 ಪೌಂಡ್ ಗಾಳಿ ಇದ್ದರೆ ಆ ಗಾಲಿ ನೆಲವನ್ನು ಒತ್ತುವುದು ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ 2 ಕೆ.ಜಿ.ಯಷ್ಟು ಮಾತ್ರ. 2 ಕೆ.ಜಿ.ಗೇ ಗಾಲಿ ಹೂತು ಗೆರೆ ಬೀಳುವ ಹಸಿ ಎರೆ ಮಣ್ಣು 6 ಕೆ.ಜಿ.ಯನ್ನು ಹೇಗೆ ತಡೆದೀತು? 5 ಟನ್‌ನ ಜಾಕ್ ತಂದರೂ ಎತ್ತಬೇಕಾದ ಭಾರ ಅದೇ 600 ಕೆ.ಜಿ., ತಳವೂ ಬಹಳವೇನೂ ಅಗಲವಿರುವುದಿಲ್ಲ. ಆದ್ದರಿಂದ ಅದೂ ಇಳಿಯುತ್ತದೆ, ಹೆಚ್ಚು ದುಡ್ಡು ಕೊಟ್ಟು ಇಳಿಸಿದಂತಾಗುತ್ತದೆ ಅಷ್ಟೆ.

ಅದೇ ಜಾಕ್‌ನ ಕೆಳಗೆ 40 ಸೆಂ.ಮೀ. ಉದ್ದಗಲದ ಹಲಗೆಯನ್ನು ಇಟ್ಟರೆ ಭಾರ 1,600 ಚದರ ಸೆಂ.ಮೀ. ಜಾಗಕ್ಕೆ ಹಂಚಿಹೋಗಿ, ಒತ್ತಡ ಚದರ ಸೆಂ.ಮೀ.ಗೆ ಅರ್ಧ ಕೆ.ಜಿ.ಗಿಂತಲೂ ಕಡಿಮೆಯಾಗುತ್ತದೆ. ಆದರೆ ಹಲಗೆ ಬಾಗಬಾರದು. ಬಾಗಿದ ಹಲಗೆಯಲ್ಲಿ ಭಾರವೆಲ್ಲ ನಡುವಿಗೇ ಬಂದು ನಿಂತು ಲೆಕ್ಕ ತಲೆಕೆಳಗಾಗುತ್ತದೆ. ನಮ್ಮ ಬಡಿಗರು ಬಂಡಿಗೆ ಬಳಸುತ್ತಿದ್ದ ಜಾಲಿ ಮರದ ಎರಡು ಇಂಚು ದಪ್ಪದ ಹಲಗೆ ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ 18 ಮಿ.ಮೀ. ದಪ್ಪದ, ನೀರಿಗೆ ಬಾಳುವ ಪ್ಲೈವುಡ್‌ನ ಎರಡು ತುಂಡುಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿ ಸ್ಕ್ರೂ ಹಾಕಿಸಿ. ಅದರ ನಡುವೆ ಅಂಗೈಗಿಂತ ಸ್ವಲ್ಪ ದೊಡ್ಡದಾದ 6 ಮಿ.ಮೀ. ಕಬ್ಬಿಣದ ತಗಡೊಂದನ್ನು ಕೂರಿಸಿದರೆ ಜಾಕ್‌ನ ತಳ ಮರವನ್ನು ಕೊರೆಯುವುದಿಲ್ಲ. ಹಲಗೆ ಇಡುವ ಮೊದಲು ಮೇಲಿನ ರಾಡಿಯನ್ನು ಸಲಿಕೆಯಿಂದ ಕೆರೆದು, ಕೆಳಗಿನ ಗಟ್ಟಿ ಪದರ ಸಿಕ್ಕ ಮೇಲೆ ಅದನ್ನು ಸಮತಟ್ಟು ಮಾಡಿಕೊಳ್ಳಬೇಕು.

ಬೇಸಿಗೆಯಲ್ಲಿ ಈ ತೊಂದರೆ ಇಲ್ಲವೆಂದು ತಿಳಿಯಬೇಡಿ. ಎರೆ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಕಲ್ಲಿನಂತೆ ಕಾಣುವ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳಿರುತ್ತವೆ, ಮತ್ತು ಬಿರುಕಿನ ಅಂಚಿನಲ್ಲಿ ಇಟ್ಟ ಜಾಕ್ ಭಾರ ಬಿದ್ದ ಕೂಡಲೇ ಆ ಹೆಂಟೆಯ ಸಮೇತ ಒಂದು ಕಡೆಗೆ ವಾಲುತ್ತದೆ. ಹಸಿ ನೆಲ ನಿಧಾನವಾಗಿ ಇಳಿಯುವುದರಿಂದ ಕಣ್ಣಿಗೆ ಕಾಣುತ್ತದೆ. ಒಣ ನೆಲ ಸದ್ದಿಲ್ಲದೆ ಒಮ್ಮೆಗೇ ಕುಸಿಯುವುದರಿಂದ ನನಗೆ ಅದರದೇ ಭಯ ಹೆಚ್ಚು. ಎರಡಕ್ಕೂ ಅದೇ ಹಲಗೆ ಬೇಕು.

ಈಗ ಜಾಕ್‌ನ ಮಾತು. ವಾಹನದ ತುಂಬಿದ ಭಾರಕ್ಕಿಂತ ಕಡಿಮೆಯಿಲ್ಲದ ಸಾಮರ್ಥ್ಯವಿರಲಿ. ನಿಮಗೆ 3 ಟನ್ ಧಾರಾಳವಾಗಿ ಸಾಕು. ಟನ್‌ಗಿಂತ ಮುಖ್ಯವಾದ ಅಳತೆಗಳು ಎರಡು: ಪೂರ್ತಿ ಇಳಿಸಿದಾಗ ಜಾಕ್ ಎಷ್ಟು ಎತ್ತರವಿರುತ್ತದೆ, ಪೂರ್ತಿ ಏರಿಸಿದಾಗ ಎಷ್ಟಾಗುತ್ತದೆ ಎಂಬುದು. ಅಂಗಡಿಗೆ ಹೋಗುವ ಮೊದಲು ಮನೆಯಂಗಳದಲ್ಲಿ ಒಂದು ಹಿಂಗಾಲಿಯ ಗಾಳಿ ಪೂರ್ತಿ ಬಿಟ್ಟು, ಆ ಗಾಲಿಯ ಪಕ್ಕದಲ್ಲಿ ಆ್ಯಕ್ಸಲ್‌ನ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆಯಿರಿ. ಜಾಕ್‌ನ ಇಳಿದ ಎತ್ತರಕ್ಕೆ ಹಲಗೆಯ ಎರಡು ಇಂಚನ್ನು ಕೂಡಿಸಿದರೂ ಆ ಸಂದಿಯಲ್ಲಿ ಅದು ಹಿಡಿಸಬೇಕು. ಹಿಡಿಸದಿದ್ದರೆ ಹೊಲದಲ್ಲಿ ಹಲಗೆ ಕೂರುವಷ್ಟು ತಗ್ಗು ತೋಡಿಕೊಳ್ಳಬಹುದು, ಅಥವಾ ಪಂಕ್ಚರ್ ಆದ ಗಾಲಿಯನ್ನೇ ಮೊದಲು ಇನ್ನೊಂದು ಚಪ್ಪಟೆ ಮರದ ತುಂಡಿನ ಮೇಲೆ ನಿಧಾನವಾಗಿ ಹತ್ತಿಸಿಕೊಳ್ಳಬಹುದು, ಎರಡನೆಯದು ಸುಲಭ.

ಬೊಲೆರೊದ ಹಿಂಬದಿಯಲ್ಲಿ ಒಂದೇ ಗಟ್ಟಿ ಆ್ಯಕ್ಸಲ್ ಇರುವುದು ನಿಮಗೆ ಅನುಕೂಲ. ಜಾಕನ್ನು ಚಾಸಿಗೆ ಕೊಟ್ಟರೆ ಮೊದಲು ಪಾಟಾಗಳು (ಸ್ಪ್ರಿಂಗ್ ಪಟ್ಟಿಗಳು) ಜೋತು ಬಿದ್ದು, ಗಾಡಿಯ ಮೈ ಸಾಕಷ್ಟು ಮೇಲೆದ್ದ ಮೇಲೆಯೇ ಗಾಲಿ ನೆಲ ಬಿಡುತ್ತದೆ. ಆ್ಯಕ್ಸಲ್‌ನ ಕೊಳವೆಗೆ, ಗಾಲಿಗೆ ಹತ್ತಿರವಾಗಿ ಕೊಟ್ಟರೆ ನಾಲ್ಕು ಬೆರಳಷ್ಟು ಎತ್ತಿದರೂ ಕೆಲಸವಾಗುತ್ತದೆ. ಎರಡೂ ಗಾಲಿಗಳಿಗೆ ತಿರುಗುವ ಬಲ ಹಂಚುವ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್‌ನ ದುಂಡು ಭಾಗಕ್ಕೆ ಮಾತ್ರ ಕೊಡಬೇಡಿ. ಅಲ್ಲಿ ಜಾಕ್‌ನ ತಲೆ ನಿಲ್ಲುವುದಿಲ್ಲ, ಗಾಡಿ ತಕ್ಕಡಿಯಂತೆ ತೂಗಾಡುತ್ತದೆ.

ಪ್ರಶ್ನೆ: ಜಾಕ್ ಕೆಳಗೆ ಇಡಲು ಒಂದು ತುಂಡು ಶಹಾಬಾದ್ ಫರಸಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಇದಕ್ಕೆ ಬರವಿಲ್ಲ. ಇದು ಸರಿಯೇ?
— ಓದುಗರೊಬ್ಬರು, ಚಿತ್ತಾಪುರ

ಉತ್ತರ: ಸರಿಯಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿಯದು, ಪದರು ಪದರಾಗಿ ಏಳುವಂಥದ್ದು. ಅದಕ್ಕಾಗಿಯೇ ಅದು ಫರಸಿಗೆ ಒದಗುತ್ತದೆ. ಒತ್ತುವ ಭಾರವನ್ನು ಅದು ಚೆನ್ನಾಗಿ ತಾಳುತ್ತದೆ, ಬಾಗಿಸುವ ಭಾರವನ್ನು ತಾಳುವುದಿಲ್ಲ. ಮನೆಯಲ್ಲಿ ಕೆಳಗೆ ಪೂರ್ತಿ ಗಟ್ಟಿ ಹಾಸು ಇರುವುದರಿಂದ ಅದು ನೂರು ವರ್ಷ ಬಾಳೀತು. ಮೆತ್ತನೆಯ ಮಣ್ಣಿನ ಮೇಲೆ ನಡುವೆ ಮಾತ್ರ ಭಾರ ಬಿದ್ದಾಗ ಮುನ್ಸೂಚನೆ ಕೊಡದೆ ಎರಡಾಗುತ್ತದೆ. ಮರ ಮುರಿಯುವ ಮೊದಲು ಕಿರುಗುಟ್ಟುತ್ತದೆ, ಕಲ್ಲಿಗೆ ಆ ಸೌಜನ್ಯವಿಲ್ಲ. ಆ ತುಂಡನ್ನು ಬಚ್ಚಲಿಗೆ ಹಾಕಿಸಿಕೊಂಡು ಹಲಗೆ ಮಾಡಿಸಿಕೊಳ್ಳಿ.

ಪ್ರಶ್ನೆ: ಈಚೆಗೆ ಜಿಮ್ನಿ ಕೊಂಡಿದ್ದೇನೆ. ರಜೆಯಲ್ಲಿ ಗೆಳೆಯರೊಂದಿಗೆ ಕಾರಂಜಾ ಹಿನ್ನೀರಿನ ಸುತ್ತ, ಕೆಲವೊಮ್ಮೆ ಚಿಂಚೋಳಿ ಕಡೆಗೆ ಹೋಗುತ್ತೇವೆ. ವಿಡಿಯೊಗಳಲ್ಲಿ ಎಲ್ಲರ ಗಾಡಿಯ ಮೇಲೂ ಉದ್ದನೆಯ ಕಂಬಿಯಂಥ ಹೈ-ಲಿಫ್ಟ್ ಜಾಕ್ ಕಾಣುತ್ತದೆ. 48 ಇಂಚಿನದು ಕೊಳ್ಳಬೇಕೋ, 60 ಇಂಚಿನದೋ?
— ಓದುಗರೊಬ್ಬರು, ಬೀದರ್

ಉತ್ತರ: ನೀವು ಎರಡರಲ್ಲಿ ಒಂದನ್ನು ಕೇಳಿದ್ದೀರಿ, ನಾನು ಎರಡೂ ಬೇಡವೆನ್ನುತ್ತೇನೆ, ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಈ ಜಾಕ್ ಹೊಸದಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1905ರಿಂದ ಇದನ್ನು ತಯಾರಿಸುತ್ತ ಬಂದಿದ್ದಾರೆ, ಅಲ್ಲಿ ಇದಕ್ಕೆ ಹೊಲದ ಜಾಕ್ ಎಂದೇ ಹೆಸರು. ಬೇಲಿಯ ಕಂಬ ಕೀಳಲು, ಕಬ್ಬಿಣದ ಅಂಚುಳ್ಳ ಬಂಡಿಗಳನ್ನು ಎತ್ತಲು ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಉದ್ದನೆಯ ತೂತುಗಳ ಕಂಬಿ, ಅದನ್ನು ಹತ್ತುವ ಎರಡು ಪಿನ್ನುಗಳು, ಒಂದು ನಾಲಿಗೆ, ಒಂದು ಹಿಡಿ. ಇಷ್ಟೇ ಅದರ ಯಂತ್ರ. ಆ ನಾಲಿಗೆಗೆ ಕಚ್ಚಿಕೊಳ್ಳಲು ಗಟ್ಟಿಯಾದ, ಚಪ್ಪಟೆಯಾದ ಕಬ್ಬಿಣದ ಅಂಚು ಬೇಕು. ನಿಮ್ಮ ಜಿಮ್ನಿಯ ಬಂಪರ್ ಪ್ಲಾಸ್ಟಿಕ್, ಬಾಗಿಲ ಕೆಳಗಿನ ಅಂಚು ತೆಳುವಾದ ತಗಡು. ಅಲ್ಲಿ ಈ ಜಾಕ್ ಕೊಟ್ಟರೆ ಮೊದಲು ಮೇಲೇಳುವುದು ಗಾಡಿಯಲ್ಲ, ಬಂಪರ್.

ಹಾಗಾದರೆ ಕಬ್ಬಿಣದ ಬಂಪರ್ ಹಾಕಿಸುತ್ತೇನೆ ಎಂದು ನೀವು ಹೇಳಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳ ಮುಂದೆ ಕೂರಿಸುವ ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದೂ ಅವುಗಳ ಮೇಲೆ ಕ್ರಮ ಕೈಗೊಳ್ಳಬೇಕೆಂದೂ ತಿಳಿಸಿದೆ. ಜಾಕ್ ಒಂದಕ್ಕಾಗಿ ಗಾಡಿಯ ಮುಂಭಾಗವನ್ನೇ ಬದಲಿಸಿ, ದಂಡ ಕಟ್ಟುತ್ತ ಓಡಾಡುವುದು ನನಗೆ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ. ಗಾಲಿಯ ರಿಮ್ಮಿಗೆ ಕೊಕ್ಕೆ ಸಿಕ್ಕಿಸಿ ನೇರವಾಗಿ ಗಾಲಿಯನ್ನೇ ಎತ್ತುವ ಪಟ್ಟಿಗಳು ಸಿಗುತ್ತವೆ. ಈ ಜಾತಿಯ ಜಾಕನ್ನು ಈಗಾಗಲೇ ಕೊಂಡವರು ಅವನ್ನಾದರೂ ಬಳಸಲಿ.

ಇನ್ನು ಅಪಾಯ. ಭಾರ ಹೊತ್ತ ಈ ಜಾಕ್‌ನ ಹಿಡಿ ಕೈಯಿಂದ ತಪ್ಪಿದರೆ ಕಂಬಿಯ ಕಡೆಗೆ ರಪ್ಪನೆ ಬಡಿಯುತ್ತದೆ. ಆ ದಾರಿಯಲ್ಲಿ ದವಡೆ ಇದ್ದರೆ ದವಡೆ, ಮೊಣಕೈ ಇದ್ದರೆ ಮೊಣಕೈ ಮುರಿಯುತ್ತದೆ. ಏರಿಸುವಾಗಿಗಿಂತ ಇಳಿಸುವಾಗ ಇದು ಹೆಚ್ಚು, ಏಕೆಂದರೆ ಇಳಿಸುವಾಗ ಭಾರವೇ ಹಿಡಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಏರಿಕೆಯಿಂದ ಇಳಿಕೆಗೆ ಚಿಲಕ ಬದಲಿಸುವ ಮೊದಲು ಹಿಡಿಯನ್ನು ಕಂಬಿಗೆ ತಾಗಿಸಿ ನೆಟ್ಟಗೆ ನಿಲ್ಲಿಸಿರಬೇಕು, ತಲೆ ಎಂದಿಗೂ ಹಿಡಿ ಮತ್ತು ಕಂಬಿಯ ನಡುವೆ ಬರಬಾರದು, ಎರಡೂ ಕೈ ಹಿಡಿಯ ಮೇಲಿರಬೇಕು. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ: ಇದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾದರೆ ಅದರ ಮೇಲೆ ಸುಮಾರು 70 ಕೆ.ಜಿ. ಭಾರವಾದರೂ ಇರಬೇಕು. ಗಾಲಿ ನೆಲ ಮುಟ್ಟಿ ಭಾರ ಕಡಿಮೆಯಾದ ಕ್ಷಣ ನಾಲಿಗೆ ಒಮ್ಮೆಗೇ ತಳದವರೆಗೆ ಜಾರುತ್ತದೆ, ಬೆರಳು ಅಲ್ಲಿರಬಾರದು. ಪಿನ್ನುಗಳಲ್ಲಿ ಕೆಸರು ಹೊಕ್ಕರೆ ಅವು ತೂತಿಗೆ ಪೂರ್ತಿ ಕೂರುವುದಿಲ್ಲ; ನಮ್ಮ ಧೂಳಿನಲ್ಲಿ ಬಾನೆಟ್ ಮೇಲೆ ಬಿಚ್ಚಿಟ್ಟುಕೊಂಡು ಓಡಾಡುವ ಅಲಂಕಾರದ ಜಾಕ್‌ಗಳಲ್ಲಿ ಹೆಚ್ಚಿನವು ಬೇಕಾದ ದಿನ ಕೆಲಸ ಮಾಡದಿರುವುದಕ್ಕೆ ಇದೇ ಕಾರಣ.

ಎಲ್ಲಕ್ಕಿಂತ ಮುಖ್ಯವಾಗಿ, ಮೈಯನ್ನು ಹಿಡಿದು ಎತ್ತುವ ಜಾಕ್ ಗಾಡಿಯನ್ನು ಬಹಳ ಎತ್ತರಕ್ಕೆ ಒಯ್ಯುತ್ತದೆ. ಜಿಮ್ನಿಯ ಸ್ಪ್ರಿಂಗ್‌ಗಳು ಉದ್ದಕ್ಕೆ ಜೋಲುವಂಥವು. ಗಾಲಿ ನೆಲ ಬಿಡುವ ಹೊತ್ತಿಗೆ 1,200 ಕೆ.ಜಿ.ಯಷ್ಟಿರುವ ಗಾಡಿ ಕಿರಿದಾದ ಕಂಬಿಯೊಂದರ ತುದಿಯಲ್ಲಿ ಓರೆಯಾಗಿ ನಿಂತಿರುತ್ತದೆ. ಹಾಗೆ ನಿಂತ ಗಾಡಿಯನ್ನು ಪಕ್ಕಕ್ಕೆ ತಳ್ಳಿ ಜಾಕ್ ಮೇಲಿಂದ ಬೀಳಿಸಿ ಗೆರೆಯಿಂದ ಹೊರತರುವ ಒಂದು ವಿದ್ಯೆಯನ್ನು ವಿಡಿಯೊಗಳಲ್ಲಿ ನೀವು ನೋಡಿರಬಹುದು. ಬೀಳುವ ದಿಕ್ಕನ್ನು ನಾವು ನಿರ್ಧರಿಸುತ್ತೇವೆ ಎಂಬ ನಂಬಿಕೆಯ ಮೇಲೆ ನಿಂತ ವಿದ್ಯೆ ಅದು; ನಾನು ಯಾರಿಗೂ ಕಲಿಸುವುದಿಲ್ಲ.

ಜಿಮ್ನಿಗೆ ಮುಂದೆಯೂ ಹಿಂದೆಯೂ ಗಟ್ಟಿ ಆ್ಯಕ್ಸಲ್‌ಗಳೇ ಇವೆ. 2 ಟನ್‌ನ ಚಿಕ್ಕ ಬಾಟಲಿ ಜಾಕ್, ಮೇಲೆ ಹೇಳಿದ ಹಲಗೆ, ಒಂದು ಸಲಿಕೆ, ಗಾಳಿ ತುಂಬುವ ಚಿಕ್ಕ ಪಂಪು, ಇಷ್ಟು ಸಾಕು. ಬೀದರ್ ಊರಿನ ಸುತ್ತಲ ಜಂಬಿಟ್ಟಿಗೆ ನೆಲದಲ್ಲಿ ಜಾಕ್ ಇಳಿಯುವುದಿಲ್ಲ, ಆದರೆ ಮೇಲೆ ಹರಡಿರುವ ಗುಂಡು ಗುಂಡಾದ ಹರಳುಗಳ ಮೇಲೆ ಅದು ಉರುಳುತ್ತದೆ. ಕಾಲಿನಿಂದ ಹರಳು ಸರಿಸಿ ಜಾಕ್ ಇಡಿ. ದಿಬ್ಬ ಇಳಿದು ಹಿನ್ನೀರಿನ ಕಡೆ ಹೊರಟಿರೋ, ಮತ್ತೆ ಎರೆ ಮಣ್ಣು, ಮತ್ತೆ ಹಲಗೆ.

ಪ್ರಶ್ನೆ: ಶಹಾಪುರದ ಬೆಟ್ಟದ ಬದಿಯ ಇಳಿಜಾರಿನಲ್ಲಿ ನನ್ನ ನಾಲ್ಕು ಗಾಲಿ ಚಾಲನೆಯ ಥಾರ್‌ನ ಹಿಂದಿನ ಎಡ ಗಾಲಿ ಬದಲಿಸುತ್ತಿದ್ದೆ. ಹ್ಯಾಂಡ್ ಬ್ರೇಕ್ ಎಳೆದಿದ್ದೆ, ಮೊದಲ ಗೇರ್‌ನಲ್ಲಿಯೂ ಇಟ್ಟಿದ್ದೆ. ಆದರೂ ಗಾಲಿ ನೆಲ ಬಿಟ್ಟ ಕೂಡಲೇ ಗಾಡಿ ಮುಂದಕ್ಕೆ ಸರಿದು ಜಾಕ್ ಮಗುಚಿತು. ದೇವರ ದಯೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಹೀಗೆ ಏಕಾಯಿತು?
— ಓದುಗರೊಬ್ಬರು, ಯಾದಗಿರಿ

ಉತ್ತರ: ನೀವು ಕೊಟ್ಟ ಎರಡು ತಡೆಗಳೂ ಹಿಂದಿನ ಗಾಲಿಗಳಿಗೇ ಸೇರಿದವು, ಮತ್ತು ನೀವು ಎತ್ತಿದ್ದು ಹಿಂದಿನ ಗಾಲಿಯನ್ನೇ. ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಗಾಲಿಗಳನ್ನು ಹಿಡಿಯುತ್ತದೆ; ಒಂದನ್ನು ಎತ್ತಿದ ಮೇಲೆ ಇಡೀ ಗಾಡಿಯನ್ನು ಇಳಿಜಾರಿನಲ್ಲಿ ತಡೆಯುವ ಹೊಣೆ ನೆಲದ ಮೇಲಿರುವ ಇನ್ನೊಂದೇ ಗಾಲಿಯದಾಗುತ್ತದೆ, ಅದೂ ಸಡಿಲ ಹರಳಿನ ಮೇಲೆ. ಮುಂದಿನ ಎರಡು ಗಾಲಿಗಳಿಗೆ ಯಾವ ತಡೆಯೂ ಇರಲಿಲ್ಲ.

ಗೇರ್ ಏಕೆ ಹಿಡಿಯಲಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಎರಡು ಗಾಲಿ ಚಾಲನೆಯಲ್ಲಿದ್ದಾಗ ಗೇರ್ ಹಿಡಿಯುವುದು ಹಿಂದಿನ ಡಿಫರೆನ್ಷಿಯಲ್‌ಗೆ ಹೋಗುವ ಶಾಫ್ಟನ್ನು ಮಾತ್ರ. ಗ್ಯಾರೇಜಿನಲ್ಲಿ ಎರಡೂ ಹಿಂಗಾಲಿ ಎತ್ತಿ ಗೇರ್‌ನಲ್ಲಿ ನಿಲ್ಲಿಸಿದ ಗಾಡಿಯ ಒಂದು ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ: ಶಾಫ್ಟ್ ಅಲುಗಾಡುವುದಿಲ್ಲ, ಆದರೆ ಇನ್ನೊಂದು ಗಾಲಿ ಹಿಮ್ಮುಖವಾಗಿ ತಿರುಗುತ್ತದೆ. ಬೆಟ್ಟದ ಬದಿಯಲ್ಲಿಯೂ ಆದದ್ದು ಇದೇ. ಹ್ಯಾಂಡ್ ಬ್ರೇಕ್ ಸ್ವಲ್ಪ ಸಡಿಲವಿದ್ದರೂ ಸಾಕು, ನೆಲದ ಗಾಲಿ ಮುಂದಕ್ಕೆ ಉರುಳುವಾಗ ಗಾಳಿಯಲ್ಲಿರುವ ಗಾಲಿ ಹಿಂದಕ್ಕೆ ತಿರುಗಿ ಅದಕ್ಕೆ ದಾರಿ ಬಿಡುತ್ತದೆ.

ಇನ್ನು ಮುಂದೆ ಜಾಕ್ ಇಡುವ ಮೊದಲು ಗಾಡಿಯನ್ನು ನಾಲ್ಕು ಗಾಲಿ ಚಾಲನೆಯ ಲೋ ಸ್ಥಾನಕ್ಕೆ ತಂದು ಗೇರ್‌ನಲ್ಲಿ ನಿಲ್ಲಿಸಿ. ಆಗ ಮುಂದಿನ ಶಾಫ್ಟ್ ಕೂಡ ಕಟ್ಟಿಹಾಕಿದಂತಾಗಿ, ನೆಲದ ಮೇಲೆಯೇ ಇರುವ ಮುಂದಿನ ಎರಡು ಗಾಲಿಗಳು ಗಾಡಿಯನ್ನು ಹಿಡಿಯುತ್ತವೆ. ಎರಡು ಗಾಲಿ, ನಾಲ್ಕು ಗಾಲಿ ಚಾಲನೆ ಬದಲಿಸುವ ಎರಡನೆಯ ಲಿವರ್ ನಡುವಿನ ನ್ಯೂಟ್ರಲ್‌ನಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ; ಅಲ್ಲಿ ಉಳಿದರೆ ಯಾವ ಗೇರ್ ಹಾಕಿದರೂ ಹಾಕದಂತೆಯೇ. ಮೇಲೆತ್ತದ ಮೂರೂ ಗಾಲಿಗಳಿಗೆ ಇಳಿಜಾರಿನ ಬದಿಯಿಂದ ಮರದ ಬೆಣೆ ಕೊಡಿ, ಎತ್ತುವ ಗಾಲಿಯ ಎದುರು ಮೂಲೆಯ ಗಾಲಿಗೆ ಎರಡೂ ಬದಿಯಿಂದ ಕೊಡಿ. ದುಂಡು ಕಲ್ಲನ್ನು ಗಾಲಿ ತಾನೇ ಉರುಳಿಸಿಕೊಂಡು ಹೋಗುತ್ತದೆ, ಬೆಣೆಯ ಮೇಲೆ ಹತ್ತಿ ನಿಲ್ಲುತ್ತದೆ. ಹಾಸುಬಂಡೆಯ ಮೇಲಾದರೆ ಜಾಕ್‌ನ ಕಬ್ಬಿಣದ ತಳ ಜಾರದಂತೆ ಕೆಳಗೆ ರಬ್ಬರ್ ಚಾಪೆಯ ತುಂಡನ್ನು ಹಾಕಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೊದಲ ಸಲಹೆ ಬೇರೆಯೇ ಇದೆ: ಇಳಿಜಾರಿನಲ್ಲಿ ಗಾಡಿ ಎತ್ತಲೇಬೇಡಿ. ಗಾಳಿ ಹೋದ ಗಾಲಿಯ ಮೇಲೆಯೇ ನೂರು ಮೀಟರ್ ನಿಧಾನವಾಗಿ ಉರುಳಿಸಿಕೊಂಡು ಸಮತಟ್ಟಿಗೆ ಬನ್ನಿ. ಟೈರ್ ಹಾಳಾದೀತು, ಆಗಲಿ. ಗಾಡಿ ಸರಿಯತೊಡಗಿದರೆ ಅದನ್ನು ಹಿಡಿಯಲು ಹೋಗದೆ ಪಕ್ಕಕ್ಕೆ ಸರಿದು ನಿಲ್ಲಬೇಕೆಂದು ಜೊತೆಯಲ್ಲಿರುವವರಿಗೆ ಮೊದಲೇ ಹೇಳಿಟ್ಟಿರಿ.

ಪ್ರಶ್ನೆ: ಸೈಲೆನ್ಸರ್ ಹೊಗೆಯಿಂದ ಉಬ್ಬುವ ಚೀಲದ ಜಾಕ್ ಮೆತ್ತನೆಯ ನೆಲಕ್ಕೆ ಒಳ್ಳೆಯದೆಂದು ಕೇಳಿದ್ದೇನೆ. ನಮ್ಮ ಕಡೆ ತೊಗರಿ ರಾಶಿಯ ಸಮಯದಲ್ಲಿ ಹೊಲದಲ್ಲಿಯೇ ಗಾಡಿ ಹೂತುಕೊಳ್ಳುವುದುಂಟು. ಅದು ಉಪಯೋಗವಾದೀತೇ?
— ಓದುಗರೊಬ್ಬರು, ಸೇಡಂ

ಉತ್ತರ: ತತ್ವ ಸರಿಯಾಗಿದೆ. 60 ಸೆಂ.ಮೀ. ಅಡ್ಡಳತೆಯ ಚೀಲದ ತಳ 2,800 ಚದರ ಸೆಂ.ಮೀ. ದಾಟುತ್ತದೆ, ಭೀಮಾ ದಂಡೆಯ ಮರಳಿನಲ್ಲಿಯೂ ಅದು ಇಳಿಯದು. ತೊಂದರೆ ಇರುವುದು ನಿಮ್ಮ ಬೆಳೆಯಲ್ಲಿ. ಕೊಯ್ದ ತೊಗರಿಯ ಕೂಳೆ ಓರೆಯಾಗಿ ಕತ್ತರಿಸಿದ ಗೂಟದಂತೆ ನಿಂತಿರುತ್ತದೆ. ಟ್ರ್ಯಾಕ್ಟರ್ ಟೈರನ್ನೇ ತೂರುವ ಅದಕ್ಕೆ ಚೀಲ ಯಾವ ಲೆಕ್ಕ? ಬದುವಿನ ಜಾಲಿ ಮುಳ್ಳು ಬೇರೆ. ಚೀಲ ಬಳಸಲೇಬೇಕೆಂದಿದ್ದರೆ ಕೂಳೆಯನ್ನು ಬುಡಸಮೇತ ಕಿತ್ತು, ಕೆಳಗೊಂದು ದಪ್ಪ ಚಾಪೆ ಹಾಸಿ, ಬಿಸಿ ಸೈಲೆನ್ಸರ್ ಮತ್ತು ಚೂಪಾದ ಅಂಚುಗಳು ತಾಗದಂತೆ ಮೇಲೊಂದು ಚಾಪೆ ಹಾಕಬೇಕು. ಉಬ್ಬಿದ ಚೀಲ ಪಕ್ಕಕ್ಕೆ ಹೊಯ್ದಾಡುತ್ತದೆ. ಗಾಲಿಯ ಕೆಳಗೆ ಕಲ್ಲು ಗರಸು ತುಂಬುವಷ್ಟು ಹೊತ್ತಿಗೆ ಅದು ಸಾಕು, ಗಾಲಿ ಬಿಚ್ಚುವ ಕೆಲಸಕ್ಕೆ ಸಾಲದು.

ಹೂತ ಗಾಡಿಗೆ ಜಾಕ್ ಬೇಕಾಗುವುದು ಇಷ್ಟಕ್ಕೇ ಎಂಬುದನ್ನೂ ಹೇಳಿಬಿಡುತ್ತೇನೆ: ಗಾಲಿ ಎತ್ತುವುದು, ಅದರ ಕುಣಿಗೆ ಕಲ್ಲು, ಗರಸು, ತೊಗರಿ ಕಟ್ಟಿಗೆಯ ಕಟ್ಟು ತುಂಬಿ ದಮ್ಮಸು ಮಾಡುವುದು, ಇಳಿಸುವುದು. ತುಂಬುವಾಗ ಕೈಯಲ್ಲ, ಸಲಿಕೆ ಮಾತ್ರ ಗಾಲಿಯ ಕೆಳಗೆ ಹೋಗಬೇಕು. ಮರಳಿನಲ್ಲಾದರೆ ಇದಕ್ಕೂ ಮೊದಲು ಗಾಲಿಯ ಗಾಳಿಯನ್ನು 15ರಿಂದ 18 ಪೌಂಡ್‌ಗೆ ಇಳಿಸಿ ನೋಡಿ, ಎಷ್ಟೋ ಸಲ ಜಾಕ್ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಹಸಿ ಎರೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು, ಏಕೆಂದರೆ ಮಣ್ಣು ಟೈರಿನ ಕಚ್ಚುಗಳಲ್ಲಿ ತುಂಬಿ ಗಾಲಿ ನುಣ್ಣಗಿನ ಉಂಡೆಯಾಗಿಬಿಡುತ್ತದೆ. ಹದ ಬರುವವರೆಗೆ ರೈತರು ಎತ್ತನ್ನೂ ಹೊಲಕ್ಕೆ ಇಳಿಸುವುದಿಲ್ಲ. ಒಂದೂವರೆ ಟನ್ ಗಾಡಿಯನ್ನು ಇಳಿಸುವವರು ಅವರನ್ನು ಒಮ್ಮೆ ಕೇಳಿ ಇಳಿಸಬಹುದು.

ಪ್ರಶ್ನೆ: ನನ್ನ ಬಾಟಲಿ ಜಾಕ್ ಏರಿಸಿದ ಮೇಲೆ ಹತ್ತು ನಿಮಿಷದಲ್ಲಿ ತಾನಾಗಿಯೇ ಎರಡು ಬೆರಳಷ್ಟು ಇಳಿಯುತ್ತದೆ. ಬ್ರೇಕ್ ಆಯಿಲ್ ಹಾಕಿದರೆ ಸರಿಹೋಗುತ್ತದೆಂದು ಒಬ್ಬರು ಹೇಳಿದರು.
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಹಾಕಬೇಡಿ. ಬ್ರೇಕ್ ಆಯಿಲ್ ಜಾಕ್‌ನ ಒಳಗಿನ ಸೀಲುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ಜಾಕ್‌ಗೆಂದೇ ಸಿಗುವ ಹೈಡ್ರಾಲಿಕ್ ಆಯಿಲ್ ಮಾತ್ರ ಬಳಸಬೇಕು. ಜಾಕ್‌ನಲ್ಲಿ ಮೇಲೇಳುವ ಕೊಳವೆಯನ್ನು ಪೂರ್ತಿ ಇಳಿಸಿ, ಹಳೆಯ ಆಯಿಲ್ ಬಸಿದು, ಹೊಸದನ್ನು ರಬ್ಬರ್ ಬಿರಡೆಯ ತೂತಿನ ಮಟ್ಟದವರೆಗೆ ತುಂಬಿ. ನಂತರ ಇಳಿಸುವ ತಿರುಪನ್ನು ಸಡಿಲಿಸಿಟ್ಟುಕೊಂಡು ಹತ್ತಾರು ಸಲ ಪಂಪ್ ಮಾಡಿದರೆ ಒಳಗಿನ ಗಾಳಿ ಹೊರಟುಹೋಗುತ್ತದೆ. ಡಿಕ್ಕಿಯಲ್ಲಿ ಜಾಕನ್ನು ಮಲಗಿಸಿ ಒಯ್ಯುವವರಿಗೆ ಗಾಳಿಯ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ, ನೆಟ್ಟಗೆ ನಿಲ್ಲಿಸಿ ಕಟ್ಟಿ ಇಡಿ. ಇಷ್ಟಾದರೂ ಇಳಿಯುತ್ತಿದ್ದರೆ ಕೊಳವೆಯನ್ನು ಏರಿಸಿ ಬೆರಳಾಡಿಸಿ ನೋಡಿ: ತುಕ್ಕಿನ ಗುಳಿಗಳು ಕೈಗೆ ಸಿಕ್ಕಿದರೆ ಅವು ಸೀಲನ್ನು ಉಜ್ಜಿ ತಿಂದಿವೆ ಎಂದರ್ಥ, ರಿಪೇರಿಗೆ ಹಾಕುವ ಹಣವನ್ನು ಹೊಸ ಜಾಕ್‌ಗೆ ಹಾಕಿ. ಇಳಿಯದ ಜಾಕನ್ನು ನಂಬಿಯೂ ಗಾಡಿಯ ಕೆಳಗೆ ಮಲಗುವಂತಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಒಳ ಹಳ್ಳಿಯ ಶಾಲೆಗೆ ಒಬ್ಬಳೇ ಗಾಡಿ ಓಡಿಸಿಕೊಂಡು ಹೋಗಿ ಬರುತ್ತೇನೆ. ಜಾಕ್ ಏರಿಸುವುದು ನನಗೆ ಕಷ್ಟವಾಗಲಿಲ್ಲ, ಆದರೆ ಗಾಲಿಯ ನಟ್ಟುಗಳನ್ನು ಬಿಚ್ಚುವುದು ಆಗಲೇ ಇಲ್ಲ. ದಾರಿಹೋಕರನ್ನು ಕರೆಯದೆ ಈ ಕೆಲಸ ಮಾಡಲು ಸಾಧ್ಯವೇ?
— ಓದುಗರೊಬ್ಬರು, ಸುರಪುರ ತಾಲ್ಲೂಕು

ಉತ್ತರ: ಖಂಡಿತ ಸಾಧ್ಯ, ಮೇಡಂ. ತಪ್ಪು ನಿಮ್ಮ ತೋಳಿನದಲ್ಲ, ಪಂಕ್ಚರ್ ಅಂಗಡಿಯ ಗಾಳಿ ಗನ್ನಿನದು. ಅದರಿಂದ ಮನಸೋ ಇಚ್ಛೆ ಬಿಗಿದ ನಟ್ಟನ್ನು ವಾಹನದ ಜೊತೆಗೆ ಬರುವ ಗಿಡ್ಡ ಪಾನಾದಿಂದ ಗಂಡಸರಿಗೂ ಬಿಚ್ಚಲಾಗುವುದಿಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ನಟ್ಟುಗಳನ್ನೆಲ್ಲ ಸಡಿಲಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಕೈಯ ಪಾನಾದಿಂದಲೇ ಮತ್ತೆ ಬಿಗಿಯುವಂತೆ ಪಟ್ಟುಹಿಡಿಯಿರಿ. ಪಾನಾದ ಹಿಡಿಗೆ ತೊಡಿಸಲು ಎರಡು ಅಡಿ ಉದ್ದದ ಕಬ್ಬಿಣದ ಪೈಪ್ ಒಂದನ್ನು ಗಾಡಿಯಲ್ಲಿ ಇಟ್ಟುಕೊಂಡರೆ ಬೇಕಾಗುವ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪಾನಾವನ್ನು ನಟ್ಟಿಗೆ ಪೂರ್ತಿ ಕೂರಿಸಿ, ಹಿಡಿ ನೆಲಕ್ಕೆ ಸಮನಾಗಿ ನಿಮ್ಮ ಎಡಕ್ಕೆ ಬರುವಂತೆ ಇಟ್ಟು, ಮೈಭಾರ ಹಾಕಿ ಕೆಳಕ್ಕೆ ಒತ್ತಿ. ಅದರ ಮೇಲೆ ಹತ್ತಿ ಕುಣಿಯಬೇಡಿ, ಜಾರಿದರೆ ಮೊಣಕಾಲಿಗೆ ಪೆಟ್ಟು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಆಮೇಲೆ ಜಾಕ್ ಏರಿಸಬೇಕು. ಎತ್ತಿದ ಗಾಡಿಯ ನಟ್ಟನ್ನು ಜಗ್ಗಿದರೆ ಗಾಡಿಯನ್ನೇ ಜಾಕ್ ಮೇಲಿಂದ ಜಗ್ಗಿದಂತಾಗುತ್ತದೆ.

ಜಾಕ್ ಏರಿಸುವ ಮೊದಲೇ ಸ್ಟೆಪ್ನಿಯನ್ನು ಕೆಳಗಿಳಿಸಿ ಗಾಡಿಯ ಬಾಗಿಲ ಅಂಚಿನ ಕೆಳಗೆ, ಜಾಕ್‌ನ ಪಕ್ಕದಲ್ಲಿ ಮಲಗಿಸಿಡಿ. ಗಾಡಿ ಜಾರಿದರೂ ಅದರ ಮೇಲೆ ಕೂರುತ್ತದೆ, ನಿಮ್ಮ ಕಾಲಿನ ಮೇಲಲ್ಲ. ಗಾಲಿ ಬಿಚ್ಚಿದ ಮೇಲೆ ಅದನ್ನು ಅಲ್ಲಿ ಮಲಗಿಸಿ ಸ್ಟೆಪ್ನಿಯನ್ನು ಹೊರತೆಗೆಯಿರಿ. ಇಪ್ಪತ್ತು ಕೆ.ಜಿ. ದಾಟುವ ಆ ಗಾಲಿಯನ್ನು ಎತ್ತಿ ಬೋಲ್ಟುಗಳಿಗೆ ಕೂರಿಸುವಾಗ ಬೆನ್ನು ಉಳುಕುವುದುಂಟು. ಎತ್ತುವ ಬದಲು ಟೈರಿನ ಕೆಳಗೆ ಸಲಿಕೆಯ ಅಲಗನ್ನು ತೂರಿಸಿ, ಅದರ ಕೆಳಗೊಂದು ಚಿಕ್ಕ ಕಲ್ಲು ಇಟ್ಟು, ಸಲಿಕೆಯ ಹಿಡಿಯನ್ನು ಒಂದು ಕೈಯಿಂದ ಒತ್ತಿದರೆ ಗಾಲಿ ತಾನೇ ಮೇಲೇಳುತ್ತದೆ, ಇನ್ನೊಂದು ಕೈಯಿಂದ ತೂತುಗಳನ್ನು ಹೊಂದಿಸಿಕೊಳ್ಳಬಹುದು. ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಅಲ್ಲ, ಎದುರು ಬದುರಾಗಿ ಬಿಗಿಯುತ್ತ ಹೋಗಿ, ಗಾಡಿ ಇಳಿಸಿದ ಮೇಲೆ ಕೊನೆಯ ಬಿಗಿ ಕೊಡಿ. ಶಾಲೆಗೆ ರಜೆಯಿರುವ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಮನೆಯ ಮುಂದೆಯೇ ಇದನ್ನು ಒಮ್ಮೆ ಪೂರ್ತಿ ಮಾಡಿ ನೋಡಿ. ಮೊದಲ ಸಲ ಒಂದು ಗಂಟೆ ಹಿಡಿದೀತು. ಗಾಲಿ ಬದಲಿಸಿದ ಮೇಲೆ ಐವತ್ತು ಕಿ.ಮೀ. ಓಡಿದಾಗ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಕೊಟ್ಟು ನೋಡುವುದನ್ನು ಮರೆಯಬೇಡಿ, ಹೊಲದ ದಾರಿಯ ಕುಲುಕಾಟಕ್ಕೆ ಒಂದೆರಡು ಸಡಿಲಾಗಿರುತ್ತವೆ.